ಸ್ಟ್ರಾಬೆರಿಯಲ್ಲಿ ಮೀನು ಹುಡುಕಿದ ತೋಟದ ಮನೆ ಗ್ರೂಪು

ಗುಂಪು: ತೋಟದ ಮನೆ, ಬಾಳೆಹೊನ್ನೂರು

ಮಂಜಣ್ಣ ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಸಸ್ಯಾಹಾರಿಗಳೇ ಎಚ್ಚರ!! ಪೇಟೆಯ ಸ್ಟ್ರಾಬೆರಿಗೆ ಲ್ಯಾಬಲ್ಲಿ ಮೀನಿನ ಜೀನ್ ಸೇರಿಸಿದ್ದಾರೆ. ಎಲ್ಲರಿಗೂ ಕಳಿಸಿ.

ಶಾರದತ್ತೆ: ಅಯ್ಯೋ ರಾಮ, ಏಕಾದಶಿ ಫಲಾಹಾರಕ್ಕೆ ಅದನ್ನೇ ತಿಂದೆ ಅಣ್ಣಾ!

ಅಕ್ಷತಾ: ಏಕಾದಶಿ ಕೆಟ್ಟಿಲ್ಲ ಅತ್ತೆ. ನಮ್ಮ ದೇಶದಲ್ಲಿ ಜೀನ್ ಬದಲಿಸಿದ ಸ್ಟ್ರಾಬೆರಿ ಬೆಳೆಯೋಕೆ ಒಪ್ಪಿಗೆಯೇ ಇಲ್ಲ. ಮೀನಿನ ಜೀನ್ ಹಾಕಿ ನೋಡಿದ್ದು ಟೊಮೇಟೊಗೆ, ಅಮೆರಿಕದಲ್ಲಿ, 1990ರ ದಶಕದ ಶುರುವಲ್ಲಿ. ಚಳಿ ತಡೀಲಿ ಅಂತ. ಅಂಗಡಿಗೆ ಬರಲೇ ಇಲ್ಲ.

ದೊಡ್ಡಪ್ಪ: ಬೆಂಕಿ ಇಲ್ದೆ ಹೊಗೆ ಆಡಲ್ಲ ಕಣಮ್ಮ. ಸ್ಟ್ರಾಬೆರಿ ಹೆಸರು ಎಲ್ಲಿಂದ ಬಂತು?

ಅಕ್ಷತಾ: 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಟ್ರಾಬೆರಿ ಗಿಡದ ಮೇಲೆ ಒಂದು ಬ್ಯಾಕ್ಟೀರಿಯಾ ಸಿಂಪಡಿಸಿದ್ರು. ಎಲೆ ಮೇಲೆ ನೀರು ಹೆಪ್ಪುಗಟ್ಟಿಸೋ ಸೂಡೊಮೊನಾಸ್ ಜಾತಿ, ಆ ಕೆಲಸದ ಜೀನನ್ನೇ ತೆಗೆದುಹಾಕಿದ್ದು. ಗಿಡದ ಜೀನ್ ಮುಟ್ಟಿರಲಿಲ್ಲ. ಈ ಎರಡೂ ಕಲಸುಮೇಲೋಗರ ಆಗಿರಬೇಕು.

ಸುರೇಶ್ ಭಾವ: ಅಂದ್ರೆ ಬೆರಿ ಹಣ್ಣಿಗೆ ಯಾರೂ ಕೈ ಹಾಕಿಲ್ವಾ?

ಅಕ್ಷತಾ: ಹಾಕಿದ್ದಾರೆ ಭಾವ. ಅಮೆರಿಕದ ಪೇರ್‌ವೈಸ್ ಕಂಪನಿ 2024ರಲ್ಲಿ ಕ್ರಿಸ್ಪರ್‌ನಿಂದ, ಅಂದ್ರೆ ಜೀನ್ ಕತ್ತರಿಸಿ ತಿದ್ದೋ ವಿಧಾನದಿಂದ, ಬೀಜ ಇಲ್ಲದ ಬ್ಲ್ಯಾಕ್‌ಬೆರಿ ಮಾಡಿದ್ದೀವಿ ಅಂತ ಹೇಳ್ತು. ಸ್ಟ್ರಾಬೆರಿ ತುಂಬ ತಾಪತ್ರಯ. ನಮಗೆ ಜೀನ್ ಹೊರೋ ಕ್ರೋಮೋಸೋಮ್ ಎರಡೆರಡು ಪ್ರತಿ ಇದ್ರೆ ಅದಕ್ಕೆ ಎಂಟೆಂಟು, ಒಟ್ಟು 56. ಒಂದು ಗುಣ ಅಳಿಸಬೇಕಂದ್ರೆ ಆ ಜೀನಿನ ಪ್ರತಿಗಳನ್ನೆಲ್ಲ ಹುಡುಕಿ ಕತ್ತರಿಸಬೇಕು, ಒಂದು ಉಳಿದ್ರೂ ಗುಣ ಉಳೀಬಹುದು. ಆಮೇಲೆ ಎಲೆ ಚೂರಿಂದ ಇಡೀ ಗಿಡ ಎಬ್ಬಿಸಬೇಕು, ಬಾಟಲಿಯೊಳಗೆ. ತಿಂಗಳುಗಟ್ಟಲೆ ಕಾಯೋದೇ ಕೆಲಸ.

ದೊಡ್ಡಪ್ಪ: ಇಷ್ಟೆಲ್ಲ ಪ್ರಕೃತಿಗೆ ವಿರುದ್ಧ ಯಾಕೆ ಹೋಗ್ಬೇಕು?

ನಾನು: ನಮ್ಮ ತೋಟದ 795 ಅರೇಬಿಕಾ ಕಾಫಿ ತಳಿ ಏನು ದೊಡ್ಡಪ್ಪ? ಅದರಲ್ಲೂ ಲಿಬೇರಿಕಾ ರಕ್ತ ಇದೆ. ಇಲ್ಲೇ ಬಾಳೆಹೊನ್ನೂರು ರಿಸರ್ಚ್ ಸ್ಟೇಷನ್‌ನವರು ಕ್ರಾಸ್ ಮಾಡಿ ಕೊಟ್ಟಿದ್ದು.

ದೊಡ್ಡಪ್ಪ: ಲಿಬೇರಿಕಾನೂ ಕಾಫೀನೇ ಕಣೋ! ಅರೇಬಿಕಾ ಜೊತೆ ತಾನಾಗಿ ಕೂಡಿದ್ದು. ಕತ್ತರಿ ಹಿಡಿದು ಯಾರೂ ಕೂತಿರಲಿಲ್ಲ.

(ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಥಂಬ್ ಒತ್ತಿದೆ.)

ದೊಡ್ಡಪ್ಪ: ಇನ್ನೊಂದು. 795 ಬೀಜ ನಾವೇ ಆರಿಸಿ ಪಾತಿಗೆ ಹಾಕ್ತೀವಿ. ಆ ಬ್ಲ್ಯಾಕ್‌ಬೆರಿ ಗಿಡ ಯಾರ ಸ್ವತ್ತು? ಬೀಜವೇ ಇಲ್ಲ ಅಂದ್ಮೇಲೆ ಅವರ ಬಾಗಿಲಿಗೇ ಹೋಗ್ಬೇಕಲ್ಲ.

ಅಕ್ಷತಾ: ಬೆರಿ ಗಿಡ ಕಡ್ಡಿಯಿಂದ್ಲೂ ಬರುತ್ತೆ ದೊಡ್ಡಪ್ಪ. ಆದ್ರೆ ಪೇಟೆಂಟ್ ಇದ್ರೆ ಕಡ್ಡಿ ನೆಡೋಕೂ ಅವರನ್ನೇ ಕೇಳ್ಬೇಕು. ಮೀನು ಬಿಟ್ಟು ಇದನ್ನ ಫಾರ್ವರ್ಡ್ ಮಾಡಿದ್ರೆ ನಾನೂ ಲ್ಯಾಬ್‌ನಲ್ಲಿ ಎಲ್ಲರಿಗೂ ಕಳಿಸ್ತಿದ್ದೆ. ಹೊರಗಿನ ಜೀನ್ ಉಳಿಸದೆ ತಿದ್ದಿದ ಬೆಳೆಗಳಿಗೆ ನಮ್ಮ ಸರ್ಕಾರ 2022ರಲ್ಲೇ ನಿಯಮ ಸಡಿಲಿಸಿದೆ. 2025ರಲ್ಲಿ ಅಂಥ ಎರಡು ಭತ್ತದ ತಳಿ ಘೋಷಿಸಿದ್ರು, ಸರ್ಕಾರಿ ಸಂಸ್ಥೆಗಳೇ ಮಾಡಿದ್ದು.

ಸುರೇಶ್ ಭಾವ: ಹಾಗೇ ಕಾಂಡಕೊರಕ ಹುಳ ಮುಟ್ಟದ ಅರೇಬಿಕಾ ಬಂದ್ರೆ? ವರ್ಷಾ ವರ್ಷ ಗಿಡ ಕಿತ್ತು ಸುಟ್ಟು ಸಾಕಾಗಿದೆ.

ಅಕ್ಷತಾ: ಬಂತು ಅಂತಿಟ್ಕೊಳ್ಳಿ. ನೆಡ್ತೀರಾ ದೊಡ್ಡಪ್ಪ?

ದೊಡ್ಡಪ್ಪ: ಪಾತಿ ನಮ್ಮದೇ ಆಗಿರುತ್ತಾ ಮೊದಲು ಕೇಳಿ ಹೇಳು.