ಫೋಟೋ ತುಂಬಿದ ಪಿಪಿಟಿ 180 ಎಂಬಿ ಆಗಿದೆ, ಸೈಜ್ ಇಳಿಸಿದವರು ಅನುಭವ ಹೇಳಿ

ಹೊಸಬಳು: 42 ಸ್ಲೈಡ್, ಹೆಚ್ಚುಕಮ್ಮಿ ಎಲ್ಲದರಲ್ಲೂ ಫೋಟೋ. ಫೈಲ್ 180 ಎಂಬಿ. ಮೇಲ್‌ನಲ್ಲಿ ಹೋಗುತ್ತಿಲ್ಲ. ಜಿಪ್ ಮಾಡಿದೆ, 178ಕ್ಕೆ ಬಂತು ಅಷ್ಟೇ. ಸೋಮವಾರ ಕಳಿಸಲೇಬೇಕು. ನೀವೆಲ್ಲ ಏನು ಮಾಡಿದಿರಿ?

ಬಯಾಲಜಿ ಟೀಚರ್: ನನಗೆ ಆ ನೋವು ಇನ್ನೂ ಹೋಗಿಲ್ಲ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ಮೈಕ್ರೋಸ್ಕೋಪಿನಲ್ಲಿ ತೆಗೆದ 63 ಫೋಟೋ, ಮೂರು ವರ್ಷದ ಕೆಲಸ. ಪವರ್‌ಪಾಯಿಂಟ್‌ನಲ್ಲೇ ಇರುವ, ಚಿತ್ರದ ಸೈಜ್ ಇಳಿಸುವ ಕಂಪ್ರೆಸ್ ಪಿಕ್ಚರ್ಸ್‌ನಲ್ಲಿ 96 ಪಿಪಿಐ (ಇಂಚಿಗೆ 96 ಪಿಕ್ಸೆಲ್) ಆರಿಸಿದೆ. ಕ್ರಾಪ್ ಮಾಡಿದ ಭಾಗ ಅಳಿಸು ಅನ್ನುವುದಕ್ಕೂ ಟಿಕ್ ಇತ್ತು, ತೆಗೆಯಲಿಲ್ಲ. ಸೇವ್ ಮಾಡಿ ಮುಚ್ಚಿದೆ. 210 ಎಂಬಿ ಇದ್ದದ್ದು 9 ಆಯಿತು. ಎಷ್ಟು ಖುಷಿಪಟ್ಟೆ! ಮರುದಿನ ದೊಡ್ಡ ಪರದೆಯಲ್ಲಿ ಜೀವಕೋಶದ ಗೋಡೆ ಎಲ್ಲಿದೆ ಮಿಸ್ ಅಂತ ಮಕ್ಕಳು ಕೇಳಿದರು. ನನಗೇ ಕಾಣಲಿಲ್ಲ. ಮೂಲ ಫೋಟೋ ಇದ್ದ ಹಾರ್ಡ್ ಡಿಸ್ಕ್ ಮೊದಲೇ ಕೆಟ್ಟಿತ್ತು. ಕ್ರಾಪ್‌ನ ಆಚೆ ಇದ್ದ ಅಳತೆಗೆರೆಯೂ ಹೋಯಿತು. ನಾಲ್ಕು ಭಾನುವಾರ ಕೂತು 17 ಫೋಟೋ ಮತ್ತೆ ತೆಗೆದೆ. ಉಳಿದ 46 ಹೋದವು ಹೋದವೇ. ಕಾಪಿ ಇಟ್ಟುಕೊಳ್ಳದೆ ಆ ಬಟನ್ ಮುಟ್ಟಬೇಡಿ.

ಕ್ಯಾಮೆರಾ ಕೈ: 96 ಯಾಕೆ ಒತ್ತಿದಿರಿ ಮೇಡಂ? ಸ್ಲೈಡಿನ ಅಗಲ 13.33 ಇಂಚು. 96 ಇಟ್ಟರೆ ಪೂರ್ತಿ ಸ್ಲೈಡ್ ತುಂಬುವ ಫೋಟೋಗೆ 1280 ಪಿಕ್ಸೆಲ್ ಮಾತ್ರ. 150 ಇಟ್ಟಿದ್ದರೆ 2000 ಸಿಗುತ್ತಿತ್ತು, ಫುಲ್ ಎಚ್‌ಡಿ ಪ್ರೊಜೆಕ್ಟರಿಗೆ 1920 ಸಾಕು. ನಾನಂತೂ ಆ ಬಟನ್ ನಂಬುವುದೇ ಇಲ್ಲ. ಪ್ರತಿ ಫೋಟೋವನ್ನೂ ಗಿಂಪ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ 1920 ಪಿಕ್ಸೆಲ್‌ಗೆ ಇಳಿಸಿ, ಜೆಪೆಗ್ ಕ್ವಾಲಿಟಿ 80 ಇಟ್ಟು, ಆಮೇಲೆ ಇನ್ಸರ್ಟ್ ಮಾಡುತ್ತೇನೆ. 118 ಫೋಟೋ, ಎರಡು ರಾತ್ರಿ ನಿದ್ದೆ ಇಲ್ಲ. ಒಟ್ಟು 41 ಎಂಬಿ. ಒಂದೂ ಮಸುಕಾಗಿಲ್ಲ.

ಬಯಾಲಜಿ ಟೀಚರ್: ಈಗ ಕೇಳುವುದು ಸುಲಭ ಸರ್. 96ರ ಪಕ್ಕ ಇ-ಮೇಲ್ ಅಂತಲೇ ಬರೆದಿತ್ತು. ನನಗೆ ಮೇಲ್ ಮಾಡಬೇಕಿತ್ತು, ಒತ್ತಿದೆ.

ಹೊಸಬಳು: ನನ್ನದು ಮ್ಯಾಕ್. ಬೇರೆ ದಾರಿ ಇದೆಯಾ?

ತರಬೇತಿಯವ: ಎಲ್ಲಕ್ಕೂ ಜೆಪೆಗ್ ಅನ್ನಬೇಡಿ ಸರ್. ಸಾಫ್ಟ್‌ವೇರ್ ಕಲಿಸುವ ಸ್ಲೈಡ್ ನನ್ನದು, ಪೂರ್ತಿ ಸ್ಕ್ರೀನ್‌ಶಾಟ್. ಯಾರೋ ಹೇಳಿದರು ಅಂತ ಜೆಪೆಗ್ ಮಾಡಿದೆ. ಅಕ್ಷರದ ಸುತ್ತ ಕೊಳೆ ಕೂತ ಹಾಗಾಯಿತು, ಕೆಲವು ಚಿತ್ರದ ಸೈಜ್ ಇಳಿಯುವ ಬದಲು ಏರಿತು. 70 ಸ್ಕ್ರೀನ್‌ಶಾಟ್ ಮತ್ತೆ ತೆಗೆದೆ, ಪಿಎನ್‌ಜಿ ಅನ್ನುವ ಇನ್ನೊಂದು ಚಿತ್ರ ಫಾರ್ಮ್ಯಾಟ್‌ನಲ್ಲೇ. ಕೊನೆಗೆ ನೋಡಿದರೆ ತಪ್ಪು ಅಲ್ಲಿರಲೇ ಇಲ್ಲ. ಫೈಲಿನ ಕಾಪಿ ತೆಗೆದು, ಪಿಪಿಟಿಎಕ್ಸ್ ಅನ್ನುವ ಬಾಲ ಅಳಿಸಿ ಜಿಪ್ ಅಂತ ಹಾಕಿ ಬಿಚ್ಚಿದೆ. ಒಳಗೆ ಪಿಪಿಟಿ ಅನ್ನುವ ಫೋಲ್ಡರ್, ಅದರೊಳಗೆ ಮೀಡಿಯಾ ಫೋಲ್ಡರ್. ಸೈಜ್ ಪ್ರಕಾರ ಜೋಡಿಸಿದರೆ ಮೇಲೆ ಕೂತಿದ್ದು ನಾನು ಕಂಡೇ ಇರದ ಐದು ಚಿತ್ರ! ಹಳೇ ಸ್ಲೈಡ್‌ಗಳನ್ನು ಅವುಗಳ ಡಿಸೈನ್ ಸಮೇತ ಪೇಸ್ಟ್ ಮಾಡಿದ್ದೆ, ಅವುಗಳ ಸ್ಲೈಡ್ ಮಾಸ್ಟರ್‌ಗಳು, ಅಂದರೆ ಡಿಸೈನಿನ ಮೂಲ ಅಚ್ಚುಗಳು, ಜೊತೆಗೇ ಬಂದಿದ್ದವು. ಬಳಸದವನ್ನು ಅಳಿಸಿದೆ. 140 ಇದ್ದದ್ದು 22.

ಕ್ಯಾಮೆರಾ ಕೈ: ನಾನು ಹೇಳಿದ್ದು ಫೋಟೋ ಬಗ್ಗೆ. ಸ್ಕ್ರೀನ್‌ಶಾಟ್ ಅಂತ ಎಲ್ಲಿ ಅಂದೆ? ಪೂರ್ತಿ ಓದಿ ಉತ್ತರ ಕೊಡಿ.

ತರಬೇತಿಯವ: ಓದಿಯೇ ಬರೆದೆ. ಎರಡು ರಾತ್ರಿ ನಿದ್ದೆಗೆಟ್ಟರೂ 41 ಎಂಬಿ, ಜಿಮೇಲ್‌ನಲ್ಲಿ 25ರ ಮೇಲೆ ಅಟ್ಯಾಚ್ ಆಗಲ್ಲ. ಅವರು ಕೇಳಿದ್ದು ಮೇಲ್ ಬಗ್ಗೆ ಅಲ್ವಾ?

ಲಿಂಕ್ ಸಾಕು: ಯಾಕಿಷ್ಟು ಒದ್ದಾಟ? ಡ್ರೈವ್‌ಗೆ ಹಾಕಿ ಲಿಂಕ್ ಕಳಿಸಿ. ನಾನು ಫೈಲ್ ಸೈಜ್ ಇಳಿಸುವುದನ್ನೇ ಬಿಟ್ಟಿದ್ದೇನೆ.

ಬಯಾಲಜಿ ಟೀಚರ್: ಮ್ಯಾಕ್ ಅಂದವರೇ, ಫೈಲ್ ಮೆನುವಿನಲ್ಲೇ ಕಂಪ್ರೆಸ್ ಪಿಕ್ಚರ್ಸ್ ಇದೆ. ಎಲ್ಲ ಚಿತ್ರಕ್ಕೂ ಅಂತ ಆರಿಸಿ, 150 ಇಡಿ. ಮೊದಲು ಕಾಪಿ!

ಕ್ಯಾಮೆರಾ ಕೈ: ಲಿಂಕ್ ಅಂದವರೇ, ನೆಟ್ ಸರಿಯಿಲ್ಲದ ಹಾಲ್‌ನಲ್ಲಿ ನಿಂತಿದ್ದೀರಾ? ನಾನು ನಿಂತಿದ್ದೇನೆ. 60 ಜನರ ಮುಂದೆ, 20 ನಿಮಿಷ, ಡೌನ್‌ಲೋಡ್ ಶೇಕಡ 34ರಲ್ಲಿ ನಿಂತಿತ್ತು. ಆ ರಾತ್ರಿಯೇ ನಾನು ಗಿಂಪ್ ಕಲಿತದ್ದು.

ಲಿಂಕ್ ಸಾಕು: ಹಿಂದಿನ ದಿನವೇ ಡೌನ್‌ಲೋಡ್ ಮಾಡಿಕೊಳ್ಳಬೇಕಿತ್ತು ಸರ್, ಅದು ಲಿಂಕಿನ ತಪ್ಪಲ್ಲ.