ವಿಪಲ್ ಆಪರೇಷನ್ ಆದಮೇಲೆ ಕೀಮೋ, ರೇಡಿಯೇಷನ್: ಯಾವುದು, ಯಾವಾಗ?

ಕೇಳಿದವರು, ಮದ್ದೂರು ಕಡೆಯವರು: ಅಪ್ಪನಿಗೆ 63 ವರ್ಷ. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರಿಗೆ ಮೈಸೂರಲ್ಲಿ ವಿಪಲ್ ಆಪರೇಷನ್ (ಆ ಗ್ರಂಥಿಯ ತಲೆಭಾಗವನ್ನೂ ಸಣ್ಣ ಕರುಳಿನ ಮೊದಲ ಭಾಗವನ್ನೂ ತೆಗೆಯೋದು) ಆಗಿ ಐದು ವಾರ. ತೂಕ ಇಳಿದಿದೆ, ಊಟ ಸೇರ್ತಿಲ್ಲ. ಗಡ್ಡೆ ಪೂರ್ತಿ ತೆಗೆದಿದ್ದೀವಿ ಅಂದವರೇ ಈಗ ಆರು ತಿಂಗಳು ಕೀಮೋ ಅಂತಾರೆ. ಇನ್ನೊಬ್ಬ ಡಾಕ್ಟರು ರೇಡಿಯೇಷನ್ನೂ ಬೇಕಾಗಬಹುದು ಅಂದ್ರು. ಈ ವಾರವೇ ಶುರು ಮಾಡಬೇಕಾ?

ಕೀಮೋ ವಾರ್ಡಿನ ನರ್ಸ್, ಮೈಸೂರು: ಗಡ್ಡೆ ತೆಗೆದರೂ ಸ್ಕ್ಯಾನಿಗೆ ಕಾಣದ ಕಣಗಳು ಆಗಲೇ ಲಿವರಿಗೋ ಶ್ವಾಸಕೋಶಕ್ಕೋ ಹೋಗಿರಬಹುದು. ಅದನ್ನು ಮುಟ್ಟೋದು ಕೀಮೋ ಒಂದೇ, ಆದ್ದರಿಂದ ಬಿಡಬೇಡಿ. ಆದರೆ ಈ ವಾರವೇ ಅಂತೇನಿಲ್ಲ. ಸಾಮಾನ್ಯವಾಗಿ ಆಪರೇಷನ್ ಆಗಿ 12 ವಾರದೊಳಗೆ ಶುರುವಾದರೆ ಸಾಕು. ಬೇಗ ಶುರು ಮಾಡೋದಕ್ಕಿಂತ ಆರು ತಿಂಗಳನ್ನು ಮುಗಿಸೋದೇ ಮುಖ್ಯ ಅಂತ ಯುರೋಪಿನ ಇಎಸ್‌ಪಿಎಸಿ-3 ಅಧ್ಯಯನದಲ್ಲಿ ಕಂಡುಬಂತು. ಗಾಯ ಒಣಗದೆ, ಊಟ ಇಳಿಯದೆ ಕೂರಿಸಿದರೆ ಮೂರನೇ ಸೈಕಲ್ಲಿಗೇ (ಸೈಕಲ್ ಅಂದರೆ ಕೀಮೋದ ಒಂದು ಸುತ್ತು) ನಿಂತುಹೋಗುತ್ತೆ.

ಅಪ್ಪಾಜಿ ಎದ್ದು ಓಡಾಡಿಕೊಂಡು, ತಮ್ಮ ಕೆಲಸ ತಾವೇ ಮಾಡಿಕೊಳ್ಳೋ ಹಾಗಿದ್ದರೆ ಮಾರ್ಪಡಿಸಿದ ಫೋಲ್ಫಿರಿನಾಕ್ಸ್, ಅಂದರೆ ಹಲವು ಔಷಧಿ ಸೇರಿಸಿದ ಕೀಮೋ: ಎರಡು ವಾರಕ್ಕೊಂದರಂತೆ 12 ಸಲ. 2018ರಲ್ಲಿ ಪ್ರಕಟವಾದ ಫ್ರಾನ್ಸ್–ಕೆನಡಾ ಅಧ್ಯಯನದಲ್ಲಿ ಇದನ್ನು ಪಡೆದವರ ಮಧ್ಯಮ ಆಯಸ್ಸು (ಅರ್ಧದಷ್ಟು ಜನ ಇದಕ್ಕಿಂತ ಹೆಚ್ಚು ಬದುಕಿದ ಅವಧಿ) 54 ತಿಂಗಳು, ಜೆಮ್‌ಸಿಟಬೀನ್ ಒಂದೇ ಪಡೆದವರದು 35. ಆದರೆ ಆ ಅಧ್ಯಯನಕ್ಕೆ ಸೇರಿಸಿದ್ದು ಗಟ್ಟಿಮುಟ್ಟಾಗಿದ್ದವರನ್ನೇ. ನಿತ್ರಾಣ ಇದ್ದರೆ ಜೆಮ್‌ಸಿಟಬೀನ್ ಜತೆ ಕೆಪಸಿಟಬೀನ್ ಮಾತ್ರೆ, ಅದೂ ಆಗದಿದ್ದರೆ ಜೆಮ್‌ಸಿಟಬೀನ್ ಒಂದೇ.

ಫೋಲ್ಫಿರಿನಾಕ್ಸಿನ ಕೊನೆಯ ಔಷಧಿ 5-ಎಫ್‌ಯು ಪಂಪಿನಲ್ಲಿ 46 ಗಂಟೆ ಹೋಗುತ್ತೆ. ಶುಕ್ರವಾರ ಹಾಕಿಸಿದರೆ ಭಾನುವಾರ ತೆಗೆಸಬೇಕು, ಅವತ್ತು ಯಾರಿರ್ತಾರೆ ಅಂತ ಮೊದಲೇ ಕೇಳಿ. ಸೋಮವಾರ ಹಾಕಿಸಿದರೆ ಈ ರಗಳೆಯೇ ಇಲ್ಲ. ಶುರುವಿಗೆ ಮುಂಚೆ ಹೊಸ ಸಿಟಿ ಸ್ಕ್ಯಾನ್, ಸಿಎ 19-9 (ಈ ಕ್ಯಾನ್ಸರಿನ ರಕ್ತಪರೀಕ್ಷೆ), ಡಿಪಿವೈಡಿ ಜೀನ್ ಪರೀಕ್ಷೆ ಬಗ್ಗೆ ವಿಚಾರಿಸಿ. ಆ ಜೀನಿನಲ್ಲಿ ದೋಷವಿದ್ದರೆ 5-ಎಫ್‌ಯು, ಕೆಪಸಿಟಬೀನ್ ಮೈಯಲ್ಲೇ ಉಳಿದು ವಿಷವಾಗುತ್ತೆ. ವಂಶದಲ್ಲಿ ಬರೋ ಬಿಆರ್‌ಸಿಎ ಜೀನ್ ದೋಷದ ಪರೀಕ್ಷೆಯನ್ನೂ ಮಾಡಿಸಿ, ಅದು ಮಕ್ಕಳಿಗೂ ಸಂಬಂಧಪಟ್ಟದ್ದು.

ಡಯಟಿಶಿಯನ್, ಮಂಡ್ಯ: ತೂಕದ ಮಾತು ಮೊದಲು ಮಾತಾಡೋಣ. ಮಲ ಜಿಡ್ಡಾಗಿ, ತೇಲಿಕೊಂಡು, ಎರಡು ಸಲ ಫ್ಲಶ್ ಮಾಡಿದರೂ ಅಂಚಿಗೆ ಅಂಟಿಕೊಂಡಿದ್ದರೆ ಊಟ ಜೀರ್ಣವಾಗ್ತಿಲ್ಲ ಅಂತಲೇ ಅರ್ಥ. ಕ್ರಿಯಾನ್‌ನಂಥ ಎನ್‌ಜೈಮ್ ಕ್ಯಾಪ್ಸೂಲ್ ಬರೆದುಕೊಟ್ಟಿದ್ದಾರಾ ನೋಡಿ. ಊಟಕ್ಕೆ 25,000ರಿಂದ 50,000 ಯೂನಿಟ್, ನಡುನಡುವಿನ ಸಣ್ಣ ತಿಂಡಿಗೆ ಅದರರ್ಧ, ಇದು ಶುರುವಿನ ಲೆಕ್ಕ. ಊಟ ಮುಗಿಸಿ ನುಂಗಿದರೆ ದಂಡ. ಒಂದು ಮುದ್ದೆ ಮುರಿದ ಮೊದಲ ತುತ್ತಿಗೇ ನುಂಗಬೇಕು, ಊಟ ನಿಧಾನವಾದರೆ ಉಳಿದದ್ದು ನಡುವೆ. ಅಗಿಯಬಾರದು. ಬರೀ ಗಂಜಿ ಕುಡಿಸ್ತಾ ಕೂರಬೇಡಿ ಕಣ್ರೀ, ಮೊಟ್ಟೆ, ಮೊಸರು, ಬೇಳೆ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಹೋಗಲಿ. ಶುಗರ್ ಚೆಕ್ ಮಾಡಿಸಿ, ಈ ಆಪರೇಷನ್ ಆದವರಲ್ಲಿ ಏರೋದುಂಟು.

ಕೀಮೋ ಶುರುವಾದ ಮೇಲೆ ಬೇಧಿ ಎರಡು ಥರ. ಮೇಲೆ ಹೇಳಿದ ಜಿಡ್ಡಿನದಕ್ಕೆ ಎನ್‌ಜೈಮ್. ನೀರಿನಂತೆ ಹೋದರೆ ಫೋಲ್ಫಿರಿನಾಕ್ಸಿನಲ್ಲಿರೋ ಇರಿನೋಟೆಕಾನ್ ಔಷಧಿ ಕಾರಣ ಇರಬಹುದು. ಅದಕ್ಕೆ ಬೇಧಿ ನಿಲ್ಲಿಸೋ ಲೊಪೆರಮೈಡ್ ಮಾತ್ರೆ ಮೊದಲು 4 ಮಿ.ಗ್ರಾಂ, ಆಮೇಲೆ ಡಾಕ್ಟರು ಹೇಳಿದಂತೆ. 24 ಗಂಟೆಯಲ್ಲಿ ನಿಲ್ಲದಿದ್ದರೆ ಆಸ್ಪತ್ರೆ.

ರೇಡಿಯೇಷನ್ ಟೆಕ್ನಾಲಜಿಸ್ಟ್, ಮೈಸೂರು: ನಮ್ಮ ವಿಭಾಗದ ಕೆಲಸ ಎಲ್ಲರಿಗೂ ಬೇಕಾಗಲ್ಲ, ನಾನೇ ಹೇಳ್ತೀನಿ. 2004ರಲ್ಲಿ ಪ್ರಕಟವಾದ ಇಎಸ್‌ಪಿಎಸಿ-1 ಅಧ್ಯಯನದಲ್ಲಿ ಕೀಮೋಗೆ ಲಾಭ ಕಂಡಿತು, ಕೀಮೋರೇಡಿಯೇಷನ್ನಿಗೆ (ಕೀಮೋ, ರೇಡಿಯೇಷನ್ ಎರಡೂ ಒಟ್ಟಿಗೆ ಕೊಡೋದಕ್ಕೆ) ಕಾಣಲಿಲ್ಲ. ಪೆಥಾಲಜಿ ರಿಪೋರ್ಟು ತೆಗೆದು ಎರಡು ಸಾಲು ಓದಿ: ಮಾರ್ಜಿನ್ (ಕೊಯ್ದ ಅಂಚು) ಆರ್0ನೋ, ಅಂದರೆ ಸ್ವಚ್ಛವೋ, ಆರ್1ನೋ, ಎಷ್ಟು ಲಿಂಫ್ ಗಂಟುಗಳಲ್ಲಿ ಕ್ಯಾನ್ಸರ್ ಇದೆ. ಕೊಯ್ದ ಅಂಚಿನಲ್ಲಿ ಕಣ ಉಳಿದಿದ್ದರೆ, ಅಂದರೆ ಆರ್1 ಆಗಿದ್ದರೆ, ಚರ್ಚೆಗೆ ಅರ್ಥವಿದೆ. ಆಗಲೂ ಕೀಮೋ ಮೊದಲು, ಕೆಲವು ತಿಂಗಳಾದ ಮೇಲೆ ಮತ್ತೆ ಸ್ಕ್ಯಾನ್, ಕಾಯಿಲೆ ಬೇರೆಲ್ಲೂ ಹರಡದಿದ್ದರೆ ಮಾತ್ರ ರೇಡಿಯೇಷನ್. ಸಾಮಾನ್ಯ ಡೋಸು 50.4 ಗ್ರೇ (ರೇಡಿಯೇಷನ್ ಅಳೆಯೋ ಮಾನ), 28 ಕಂತು, ವಾರಕ್ಕೈದು ದಿನ, ಜತೆಗೆ ಕೆಪಸಿಟಬೀನ್. ಮದ್ದೂರಿಂದ ದಿನಾ ಬಂದು ಹೋಗೋದು ಸುಸ್ತು, ಹತ್ತಿರ ಉಳಿಯೋಕೆ ಜಾಗ ನೋಡಿಕೊಳ್ಳಿ. ಮೈಮೇಲೆ ಹಾಕಿದ ಗುರುತು ಉಜ್ಜಿ ತೊಳೆಯಬೇಡಿ.

ಕೀಮೋ ವಾರ್ಡಿನ ನರ್ಸ್: ಇನ್ನೆರಡು ಬಿಟ್ಟುಹೋಗಿತ್ತು. ಫೋಲ್ಫಿರಿನಾಕ್ಸಿನ ಇನ್ನೊಂದು ಔಷಧಿ ಆಕ್ಸಾಲಿಪ್ಲಾಟಿನ್ ಕೊಟ್ಟಮೇಲೆ ಕೆಲವು ದಿನ ಫ್ರಿಜ್ಜಿನ ನೀರು, ತಣ್ಣನೆ ಸ್ಟೀಲ್ ಲೋಟ ಮುಟ್ಟಬೇಡಿ, ಬೆರಳು ಜುಮ್ಮೆನ್ನುತ್ತೆ. ಮುಂದಿನ ಸೈಕಲ್ ಬಂದರೂ ಜುಮ್ಮು ಹೋಗದೆ ಅಂಗಿ ಗುಂಡಿ ಹಾಕೋಕೆ ಕಷ್ಟವಾದರೆ ಹೇಳಿಬಿಡಿ, ಆ ಔಷಧಿಯನ್ನಷ್ಟೇ ಕಮ್ಮಿ ಮಾಡಿ ಉಳಿದದ್ದು ಮುಂದುವರಿಸ್ತಾರೆ. ಜ್ವರ 100.4 ದಾಟಿದರೆ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಿನವರೆಗೆ ಕಾಯಬೇಡಿ. ಬಿಳಿರಕ್ತಕಣ ಇಳಿದಿರುತ್ತೆ, ರಾತ್ರಿ ಎರಡು ಗಂಟೆಯಾದರೂ ಎಮರ್ಜೆನ್ಸಿಗೆ ಬಂದು "ಕೀಮೋ ಪೇಷಂಟು" ಅಂತ ಮೊದಲು ಹೇಳಿ.