ಕುಶಾಲನಗರದ ಕಾಫಿ ಘಟಕದಲ್ಲಿ ಸಿಬ್ಬಂದಿಗೆ ಆರೋಗ್ಯ ವಿಮೆ: ಮೊದಲು ಏನು ನೋಡಬೇಕು?

ಕಾಫಿಹೂವು:
ಎಲ್ಲರಿಗೂ ನಮಸ್ಕಾರ. ಕುಶಾಲನಗರದ ಹತ್ತಿರ ಕಾಫಿ ಹುರಿದು ಪ್ಯಾಕ್ ಮಾಡುವ ಘಟಕದ ಲೆಕ್ಕಪತ್ರ, ಸಂಬಳ ನೋಡಿಕೊಳ್ಳುತ್ತೇನೆ. 34 ಜನ ಇದ್ದೇವೆ. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಟ್ಟುತ್ತೇವೆ. ಈ ವರ್ಷ ಎಲ್ಲರಿಗೂ 3 ಲಕ್ಷದ ಗುಂಪು ವಿಮೆ ಮಾಡಿಸೋಣ ಅಂತ ಮಾಲೀಕರ ಆಸೆ. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಜಿಮ್ ರಿಯಾಯಿತಿ, ಫೋನಲ್ಲೇ ಡಾಕ್ಟರ್ ಸಲಹೆ ಎಲ್ಲಾ ಇದೆ. ಇರುವ ದುಡ್ಡು ಕಮ್ಮಿ. ಜನಕ್ಕೆ ನಿಜವಾಗಿ ಉಪಯೋಗ ಆಗೋದು ಯಾವುದು?

ಮೈಸೂರು ಎಚ್‌ಆರ್:
ಎಲ್ಲರಿಗೂ ಒಂದೇ ಪಾಲಿಸಿ ಬೇಡ. ಸಂಬಳದ ಪಟ್ಟಿ ತೆಗೆದು ತಿಂಗಳಿಗೆ 21,000ಕ್ಕೆ ಗೆರೆ ಎಳೆಯಿರಿ. ಅದರ ಒಳಗಿನವರಿಗೆ ಇಎಸ್‌ಐ ಇದೆ. ನೀವು 3.25%, ಅವರು 0.75% ಕಟ್ಟುತ್ತೀರಿ, ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ, ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ 70% ಕೂಡ ಬರುತ್ತದೆ. ಕಷ್ಟ ಗೆರೆ ದಾಟಿದವರದ್ದು. ಸೂಪರ್‌ವೈಸರ್ ಸಂಬಳ 20,500ರಿಂದ 22,000 ಆಯ್ತು ಅಂದ್ಕೊಳ್ಳಿ, ಇಎಸ್‌ಐನ ಆರು ತಿಂಗಳ ಅವಧಿ ಮುಗಿಯುವ ಸೆಪ್ಟೆಂಬರ್ ಅಥವಾ ಮಾರ್ಚ್ ಕೊನೆಯವರೆಗೆ ಇಎಸ್‌ಐ ಕಟ್ಟಬೇಕು, ಆಮೇಲೆ ಅವರು ಹೊರಗೆ. ಬಡ್ತಿ ಸಿಕ್ಕಿದ್ದಕ್ಕೇ ಆಸ್ಪತ್ರೆಯ ಆಸರೆ ತಪ್ಪೋದು ಅನ್ಯಾಯ ಅಲ್ವಾ? ನಿಮ್ಮ ದುಡ್ಡು ಮೊದಲು ಇವರಿಗೆ ಹೋಗಲಿ. ಏಪ್ರಿಲ್ 1 ಅಥವಾ ಅಕ್ಟೋಬರ್ 1ಕ್ಕೇ ಹೆಸರು ಸೇರುವ ಹಾಗೆ ಪಾಲಿಸಿಯಲ್ಲಿ ಬರೆಸಿ.

ಮಡಿಕೇರಿ ಮಂಜು:
ಜಿಮ್ ಬಿಡಿ. ಆಸ್ಪತ್ರೆಗಳ ಪಟ್ಟಿ ಕೇಳಿ. ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆ ಅಂದ್ರೆ ಮೈಸೂರಿಗೋ ಮಂಗಳೂರಿಗೋ ಹೋಗುತ್ತಾರೆ, ಅಲ್ಲಿ ಜನ ನಿಜವಾಗಿ ಹೋಗುವ ಆಸ್ಪತ್ರೆಯಲ್ಲಿ ನಗದುರಹಿತ ಸೌಲಭ್ಯ ಇಲ್ಲದಿದ್ದರೆ ಕಾರ್ಡ್ ಸುಮ್ನೆ ಜೇಬಲ್ಲಿ ಇರುತ್ತದೆ. ರೂಮ್ ಬಾಡಿಗೆ ಮಿತಿಯನ್ನೂ ಓದಿ. ವಿಮೆ ಮೊತ್ತದ 1% ಅಂತ ಇದ್ದರೆ 3 ಲಕ್ಷಕ್ಕೆ ದಿನಕ್ಕೆ 3,000. ಅದಕ್ಕಿಂತ ದುಬಾರಿ ರೂಮ್ ಹಿಡಿದರೆ ಬಾಡಿಗೆ ಮಾತ್ರ ಅಲ್ಲ, ಬೇರೆ ಬಿಲ್ಲಲ್ಲೂ ಅದೇ ಪ್ರಮಾಣದಲ್ಲಿ ಕಡಿತ ಆಗಬಹುದು. ಈಗಾಗಲೇ ಇರುವ ಶುಗರ್, ಬಿಪಿಗೆ ಮೊದಲ ದಿನದಿಂದಲೇ ರಕ್ಷಣೆ ಇರಲೇಬೇಕು.

ಹಾರಂಗಿ ದಂಡೆ:
ಈಗಾಗಲೇ ಕೊಡುತ್ತಿರೋದನ್ನ ಜನಕ್ಕೆ ತಿಳಿಸಿ. ಪಿಎಫ್ ಜೊತೆಗೇ ಜೀವವಿಮೆ ಇದೆ, ಕೆಲಸದಲ್ಲಿರುವಾಗ ತೀರಿಕೊಂಡರೆ ಮನೆಯವರಿಗೆ ಗರಿಷ್ಠ 7 ಲಕ್ಷ. ನಾಮಿನಿ ತುಂಬದೆ ಎಷ್ಟೋ ಮನೆಯವರು ಅಲೆಯುತ್ತಾರೆ, ಒಂದು ಮಧ್ಯಾಹ್ನ ಕೂತು ಎಲ್ಲರದ್ದೂ ಆನ್‌ಲೈನ್‌ನಲ್ಲಿ ತುಂಬಿಸಿ. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಗೂ ದುಡ್ಡು ಎತ್ತಿಡಿ. ಮೂಲ ವೇತನ, ಡಿಎ (ತುಟ್ಟಿಭತ್ಯೆ) ಸೇರಿ ತಿಂಗಳಿಗೆ 18,000 ಇದ್ದು 6 ವರ್ಷ ದುಡಿದವರಿಗೆ ಸುಮಾರು 62,300 ಕೊಡಬೇಕಾಗುತ್ತದೆ. ಮತ್ತೆ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ರಜೆ ಕೊಡಿ, ಮಳೆಗೆ ರಸ್ತೆ ಕುಸಿದು ಬರಲಾಗದ ದಿನ ಸಂಬಳ ಕಡಿಯಬೇಡಿ. ಖರ್ಚು ಕಮ್ಮಿ, ಜನ ಮರೆಯಲ್ಲ.

ಕಾಫಿಹೂವು:
ತುಂಬಾ ಉಪಕಾರ. ಗೆರೆ ದಾಟಿದವರು 9 ಜನ ಇದ್ದಾರೆ, ಅವರಿಂದಲೇ ಶುರು ಮಾಡುತ್ತೇವೆ. ಅಪ್ಪ ಅಮ್ಮನನ್ನು ಸೇರಿಸಿದರೆ ಕಂತು ತೀರಾ ಜಾಸ್ತಿ ಆಗುತ್ತಿದೆ, ಏನು ಮಾಡೋದು?

ಮೈಸೂರು ಎಚ್‌ಆರ್:
ಗಂಡ ಹೆಂಡತಿ, ಮಕ್ಕಳ ಕಂತು ಕಂಪನಿ ಕಟ್ಟಲಿ. ಅಪ್ಪ ಅಮ್ಮನದ್ದು ಬೇಕಾದವರಿಗೆ ಮಾತ್ರ, ಹೆಚ್ಚುವರಿ ಕಂತನ್ನು ಅವರ ಒಪ್ಪಿಗೆ ಬರೆಸಿಕೊಂಡು ಸಂಬಳದಲ್ಲಿ ತಿಂಗಳು ತಿಂಗಳು ಹಿಡಿಯಿರಿ. ವಯಸ್ಸಾದವರಿಗೆ ಹೊರಗೆ ಒಂಟಿ ಪಾಲಿಸಿ ಸಿಗೋದೇ ಕಷ್ಟ, ಹಾಗಾಗಿ ಆ ಬಾಗಿಲು ಮುಚ್ಚಬೇಡಿ.